ಆಚೆದಡದ ಲಿಂಕ್

ಮಾರ್ಚ್ 3, ಮಂಗಳವಾರ

ಎಂದಿನಂತೆ ಬಂದ ಕೂಡಲೇ ರೆಪ್ಲಿಕೇಶನ್ ನೋಡಿದೆ. ಇಲ್ಲಿ ಬರೆದದ್ದೆಲ್ಲ ಅಲ್ಲಿಯ ಡಿಸ್ಕುಗಳಿಗೆ ನಕಲಾಗಿದೆ. ಎಲ್ಲ ಹಸಿರು. ಆಚೆದಡ ಫೋನಿನಲ್ಲಿ ಗುಡ್ ಮಾರ್ನಿಂಗ್ ಅಂದ. ದೂರದ ಡೇಟಾ ಸೆಂಟರನ್ನು ಒಬ್ಬನೇ ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಅದು. ಮುಖ ಕಂಡಿಲ್ಲ. ದನಿ ಮಾತ್ರ ಮನೆಯವರಷ್ಟು ಪರಿಚಯ.

ಮಧ್ಯಾಹ್ನ ಮ್ಯಾನೇಜರ್ ಕರೆದರು. ಆ ಸೆಂಟರ್ ಮುಚ್ಚುತ್ತಾರೆ. ಶನಿವಾರ ಎರಡೂ ಕಡೆಯ ಡಿಸ್ಕುಗಳನ್ನು ಬೆಸೆಯುವ ಲಿಂಕ್ ತೆಗೆಯಬೇಕು. ಸೋಮವಾರ ಅವನನ್ನೂ.

"ಅವನಿಗೆ ಈಗ್ಲೇ ಹೇಳ್ಬೇಡಿ. ಕೈ ಕೊಟ್ಟು ಹೋದ್ರೆ ಆ ಕಡೆ ಅಳಿಸೋರ್ಯಾರು?"

ನಿಜ. ಲಿಂಕನ್ನು ಒಂದೇ ಕಡೆ ಅಳಿಸಿದರೆ ಇನ್ನೊಂದು ಕಡೆಯ ಡಿಸ್ಕುಗಳು ಲಾಕ್ ಆಗಿಯೇ ಕೂರುತ್ತವೆ. ಹಾಗಂತ ಒಪ್ಪಿದೆನೇ? ಶನಿವಾರದ ಕೆಲಸದ ಪಟ್ಟಿ ಬರೆಯಲು ಕೂತೆ — ಅದೂ ಒಪ್ಪಿಗೆಯೇ ಇರಬೇಕು.

ಮಾರ್ಚ್ 5, ಗುರುವಾರ

ಹಳೇ ಲಿಂಕ್ ತೆಗೆದು ಹೊಸದು ಹಾಕುತ್ತೇವೆ ಎಂದು ನಿನ್ನೆ ಅವನಿಗೆ ಹೇಳಿದ್ದೆ. ನಂಬಿದ. ಇವತ್ತು ಅವನೇ ಫೋನ್ ಮಾಡಿದ. ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ. ತಕ್ಷಣ ಸೇರಬೇಕಂತೆ, ನಾಳೆಯೊಳಗೆ ಉತ್ತರ ಕೊಡಬೇಕಂತೆ.

"ನಮ್ಮನೆ ಮೇಡಂ ಹೋಗು ಅಂತಿದಾಳೆ. ಅವಳಿಗೇನ್ ಗೊತ್ತು ಹೊಸ ಲಿಂಕ್ ವಿಷ್ಯ. ಹೋಗ್ಲಾ, ಇರ್ಲಾ? ನೀವ್ ಹೇಳ್ದಂಗೆ, ಅಕ್ಕಾ."

ಇರು ಅಂದೆ. ಎಷ್ಟು ಸಲೀಸಾಗಿ ಬಂತು...

ಮಾರ್ಚ್ 7, ಶನಿವಾರ, ಸಂಜೆ 4

ಮೊದಲು ನಕಲು ನಿಲ್ಲಿಸಿದೆವು. ಆಮೇಲೆ ಡಿಸ್ಕುಗಳ ಜೋಡಿಗಳನ್ನು ಬಿಡಿಸಿದೆವು. ಕೊನೆಗೆ ಲಿಂಕ್ — ನನ್ನ ಕಡೆ ನಾನು, ಅವನ ಕಡೆ ಅವನು. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ನಾನು ಹೂಂ ಅಂದಮೇಲೇ ಅಳಿಸಿದ. ನನಗಿಂತ ಜಾಗ್ರತೆ.

"ಕ್ಲೀನ್, ಅಕ್ಕಾ. ಹೊಸದು ಯಾವತ್ತು ಹಾಕೋಣ?"

ಬರುವ ವಾರ ಮಾತಾಡೋಣ ಅಂದೆ. ಮುಗಿಯಿತೆಂದು ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ಒಂದು ಹೆಬ್ಬೆರಳು ಬಂತು.

ಮಾರ್ಚ್ 12, ಗುರುವಾರ

ಇವತ್ತು ಅವನ ಫೋನ್. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಕಾರ್ಡ್ ಕಿತ್ತುಕೊಂಡರಂತೆ. ಇನ್ನೊಂದು ಕೆಲಸ ಆಗಲೇ ಬೇರೆಯವರ ಪಾಲು. ಹೆಂಡತಿ ಮಾತು ಬಿಟ್ಟಿದ್ದಾಳೆ.

"ನಿಮಗೂ ಗೊತ್ತಿರ್ಲಿಲ್ಲ ಅಲ್ವಾ, ಅಕ್ಕಾ?"

ಇಲ್ಲ ಅಂದೆ.

"ಅವಳಿಗೂ ಅದೇ ಹೇಳ್ದೆ. ಗೊತ್ತಿದ್ರೆ ಅಕ್ಕ ಹೇಳ್ದೆ ಇರ್ತಿದ್ರಾ ಅಂತ. ನೀವೂ ಹುಷಾರಾಗಿರಿ. ಇವ್ರನ್ನ ನಂಬೋ ಹಾಗಿಲ್ಲ."

ಥ್ಯಾಂಕ್ಸ್ ಅಂದೆ.