ಪೈಪಿನಲ್ಲಿ ಹೋದ ಪಾಚಿ

ಜುಲೈ 3, ಬುಧವಾರ

ಬೆಳಿಗ್ಗೆ ಬಂದರಿಗೆ ಐಸ್ ಲಾರಿ ಕಳಿಸಿದೆ. ಆಮೇಲೆ ಫ್ಲಾಸ್ಕಿನ ಬಿಸಿನೀರು ಕುಡಿದೆ. ದಿನವಿಡೀ ಐಸ್ ಗಡ್ಡೆ ಮಾರುವವನ ಹಣೆಬರಹ — ತಣ್ಣೀರು ಕಂಡರೆ ಕಣ್ಣೀರು. ಪ್ರಾಸ ಚೆನ್ನಾಗಿದೆ. ಹಲ್ಲು ಚೆನ್ನಾಗಿಲ್ಲ.

ಸಂಜೆ ಹಲ್ಲಿಗೆ ಅರ ಹಾಕುವ ಅಜ್ಜ ಮನೆಗೆ ಬಂದಿದ್ದರು. ಆಗಸ್ಟ್ 15ಕ್ಕೆ ನಮ್ಮ ವಂಶದವರದೆಲ್ಲ ಒಟ್ಟಿಗೆ ಅರಶಾಸ್ತ್ರ, ಹಲ್ಲಿನ ಮೊನೆಯನ್ನ ಅರದಲ್ಲಿ ಉಜ್ಜಿ ಸಮ ಮಾಡುವುದು. ಮೇಲಿನ ಸಾಲಿನ ಆರು ಹಲ್ಲು, ಒಳಗಿನ ಆರು ವೈರಿ. ಕಾಮದಿಂದ ಮತ್ಸರದವರೆಗೆ ಎಲ್ಲರ ಮೊನೆಯೂ ಒಂದೇ ಬೆಳಿಗ್ಗೆ ಮೊಂಡು. ಮಗಳು ವೆನಿಂಗ್‌ದೂ ಆಗಬೇಕು, ನನ್ನದೂ ಆಗಬೇಕು. ಹದಿನೇಳರಲ್ಲಿ ಆಗಬೇಕಿದ್ದದ್ದು. ಆಗ ಒಸಡು ಊದಿತ್ತು, ಆಮೇಲೆ ಅಪ್ಪ ತೀರಿಕೊಂಡರು, ಆಮೇಲೆ ಏನೇನೋ... ನಲವತ್ತೈದಾದರೂ ಕೋರೆಹಲ್ಲು ಹಾಗೇ ಇವೆ. ಅಮ್ಮ ಒಂದೇ ಮಾತು ಹಿಡಿದಿದ್ದಾಳೆ — ಅಪ್ಪನದಾಗದೆ ಮಗಳದಿಲ್ಲ.

ಅಜ್ಜ ಟಾರ್ಚ್ ಹಾಕಿ ಬಾಯೊಳಗೆ ನೋಡಿದರು.

"ಗೆದೆ, ಇದು ಹಲ್ಲಲ್ಲಪ್ಪ, ಗಾರೆ ಗೋಡೆ. ಇದ್ರ ಮೇಲೆ ನನ್ನ ಅರ ಇಡಲ್ಲ. ಮೊದ್ಲು ಡಾಕ್ಟ್ರ ಹತ್ರ ಕ್ಲೀನ್ ಮಾಡಿಸ್ಕೊಂಡು ಬಾ."

ಎಲ್ಲರೂ ನಕ್ಕರು. ನಾನು ಬಾಯಿ ಮುಚ್ಚಿಕೊಂಡು ನಕ್ಕೆ.

ಜುಲೈ 5, ಶುಕ್ರವಾರ

ಸರಿನಿ ನನಗೆ ಹೇಳದೆ ಅಪಾಯಿಂಟ್‌ಮೆಂಟ್ ತಗೊಂಡಿದ್ದಳು. ಹೆಂಡತಿಯರ ಕೆಲಸ. ಡಾಕ್ಟರ್ ಸಾಗುಂಗ್, ಅರಮನೆ ಮನೆತನದ ಹುಡುಗಿ. ಇವತ್ತು ಬರೀ ನೋಡುವುದು ಅಂದರು. ಒಂದು ಹಲ್ಲಿಗೆ ಉಫ್ ಅಂತ ಗಾಳಿ ಬಿಟ್ಟರು... ಕುರ್ಚಿಯಿಂದ ಎದ್ದೇ ಬಿಟ್ಟೆ.

ಒಸಡು ಹಿಂದೆ ಸರಿದಿದೆಯಂತೆ. ಬೇರು ಬರಿಮೈಯಲ್ಲಿ ನಿಂತಿದೆ, ಅದಕ್ಕೇ ಈ ಜುಮ್ಮು. ಹಲ್ಲಿಗೆ ಗಟ್ಟಿಕಟ್ಟಿದ ಪಾಚಿ ತೆಗೆಯದಿದ್ದರೆ ಹಲ್ಲೇ ಅಲುಗಾಡುತ್ತವೆ. ಅದು ಅಂಟಿಕೊಂಡು ಹಲ್ಲನ್ನ ಕಾಯ್ತಾ ಇದೆಯಲ್ಲವೇ ಅಂದೆ. "ಕಳ್ಳನ್ನೇ ವಾಚ್‌ಮನ್ ಅಂತೀರಲ್ಲ" ಅಂದರು. ಜುಮ್ಮು ಕಡಿಮೆ ಮಾಡುವ ಪೇಸ್ಟ್ ಕೊಟ್ಟಿದ್ದಾರೆ. ಮೆತ್ತನೆ ಬ್ರಷ್. ಹದಿನಾರಕ್ಕೆ ಬರಬೇಕು.

ಜುಲೈ 16, ಮಂಗಳವಾರ. ಬೆಳಿಗ್ಗೆ

ನಾಲ್ಕಕ್ಕೆ ಹೋಗಬೇಕು. ಫ್ಯಾಕ್ಟರಿಯಿಂದ ಅರ್ಜೆಂಟ್ ಫೋನ್ ಬಂದರೂ ಬರಬಹುದು ಅಂತ ಸರಿನಿಗೆ ಎರಡು ಸಲ ಹೇಳಿಟ್ಟೆ. ಫೋನು ಮೇಜಿನ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿದೆ.

ಸಂಜೆ

ಬದುಕಿದ್ದೇನೆ.

ಒಸಡಿಗೆ ಮರಗಟ್ಟುವ ಜೆಲ್ ಸವರಿದರು. ನೀರು ಉಗುರುಬೆಚ್ಚಗೆ ಮಾಡಿದ್ದರು. ಮೆಷಿನ್ ತೀರಾ ಸಣ್ಣಗೆ, ಬೇರು ಕಾಣುವ ಕಡೆ ಕೈಯಲ್ಲೇ ಕೆರೆಯುವುದು. ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ ಅಂದರು. ಬಲಗಡೆ ಅವರೇ ಕೂತಿದ್ದರು.

ಎಡಗೈ! ಅರಮನೆಯವರ ಮುಖದ ಮುಂದೆ! ಹೇಗೆ ಎತ್ತಲಿ? ಒಂದು ಕಡೆ ಬೇರಿಗೇ ತಗುಲಿತು, ಕಣ್ಣಲ್ಲಿ ಮಿಂಚು. ಎರಡೂ ಕೈ ತೊಡೆ ಕೆಳಗೆ ಹಾಕಿಕೊಂಡು ಸುಮ್ಮನೆ ಮಲಗಿದ್ದೆ. ಆಮೇಲೆ ಅವರೇ ನನ್ನ ಕಾಲ್ಬೆರಳು ಮುದುಡಿದ್ದು ನೋಡಿ ನಿಲ್ಲಿಸಿದರು.

"ಗೆದೆಯವ್ರೇ, ಮರ್ಯಾದೆ ಆಮೇಲೆ ತೋರ್ಸಿ. ಎಡಗೈ ಆಗ್ದಿದ್ರೆ ಕಾಲಾದ್ರೂ ಒದೀರಿ."

ಆಮೇಲೆ ಅಷ್ಟು ಕಷ್ಟವಾಗಲಿಲ್ಲ. ನಿಂತು ನಿಂತು ಮಾಡಿದರು. ಕೊನೆಗೆ ಏನೋ ವಾರ್ನಿಷ್ ಬಳಿದರು, ಬಾಗಿಲಿಗೆ ಬಳಿದ ಹಾಗೆ. ಕನ್ನಡಿಯಲ್ಲಿ ನೋಡಿಕೊಂಡೆ. ಹಲ್ಲಿನ ನಡುವೆ ಸಂದು. ಯಾರದೋ ಬಾಯಿ.

ಮನೆಗೆ ಬಂದರೆ ಅಮ್ಮ ಹಳದಿ ಎಳನೀರು ಬುರುಡೆ ಹಿಡಿದು ನಿಂತಿದ್ದಳು. "ಎಲ್ಲಿ, ಕೆರೆದದ್ದು?"

ಪೈಪ್ ಹಾಕಿ ಎಳೆದುಬಿಟ್ಟರು ಅಂದೆ. ಅಮ್ಮನ ಮುಖ ಬಿಳಿಚಿತು.

ಜುಲೈ 17, ಬುಧವಾರ

ಅಮ್ಮ ಊಟ ಮಾಡಿಲ್ಲ. ಅರ ಹಾಕಿದಾಗ ಉದುರಿದ ಪುಡಿಯನ್ನ ಎಳನೀರು ಬುರುಡೆಯಲ್ಲೇ ಉಗುಳಬೇಕು, ದೇವರಗುಡಿಯ ಹಿಂದೆ ಹೂಳಬೇಕು. ಹೊರಗೆ ಸಿಕ್ಕಿದರೆ ಆಗದವರು ಮಾಟ ಮಾಡಿಸುತ್ತಾರೆ. ಅದು ಹಲ್ಲಲ್ಲಮ್ಮ, ಕೊಳೆ ಅಂದೆ.

"ನಲವತ್ತೈದು ವರ್ಷ ನಿನ್ನ ಬಾಯಲ್ಲಿದ್ದದ್ದು. ನಿಂದಲ್ದೆ ಇನ್ಯಾರ್ದು?"

ಈ ಸಲ ನಿನಗೆ ಅರ ಬೇಡ, ವೆನಿಂಗ್‌ಗೂ ಬೇಡ ಅಂದಳು. ಮುಂದಿನ ಒಟ್ಟು ಶಾಸ್ತ್ರಕ್ಕೆ ಇನ್ನೆಷ್ಟು ವರ್ಷವೋ. ವೆನಿಂಗ್ ಶಾಸ್ತ್ರಕ್ಕೆ ಹೊಲಿಸಿದ ಹಳದಿ ರವಿಕೆ ಮಡಚಿ ಒಳಗಿಟ್ಟಳು.

ನಾನು ಮಾಟ ನಂಬುವವನಲ್ಲ. ಆದರೆ ಮೇಲಿನ ಸಾಲಿನಲ್ಲಿ ಎಡಗಡೆ ಮಿಡಿಯುತ್ತಿದೆ. ಎರಡು ಮೂರು ದಿನ ಹಾಗಾಗುತ್ತೆ ಅಂತ ಡಾಕ್ಟರ್ ಹೇಳಿದ್ದರು. ಅದೇ ಇರಬೇಕು. ಅದೇ ಇರಲಿ ದೇವರೇ.

ಜುಲೈ 20, ಶನಿವಾರ

ಅಮ್ಮ ಬುರುಡೆ ತಗೊಂಡು ಕ್ಲಿನಿಕ್ಕಿಗೇ ಹೊರಟಳು. ನಾನು ಹಿಂದೆ ಓಡಿದೆ. ಡಾಕ್ಟರ್ ನಗಲಿಲ್ಲ. ಪೈಪಿನ ಜರಡಿ ತೆಗೆದು ತೋರಿಸಿದರು. ವಾರದಲ್ಲಿ ಬಂದವರದೆಲ್ಲ ಬೂದು ಬಣ್ಣದ ಗಸಿ.

"ಇದ್ರಲ್ಲಿ ನನ್ನ ಮಗಂದು ಯಾವ್ದು ತಾಯಿ?"

"ಗೊತ್ತಾಗಲ್ಲ ಅಜ್ಜಿ. ನಿಮಗೆ ಗೊತ್ತಾಗ್ದಿದ್ರೆ ಮಾಟಗಾರನಿಗೆ ಹೇಗೆ ಗೊತ್ತಾಗತ್ತೆ?"

ಅಮ್ಮ ಬುರುಡೆ ಕೆಳಗಿಟ್ಟಳು. ಆಮೇಲೆ ಪೈಪಿನ ನೀರು ಹೋಗುವ ಹಿಂದಿನ ಚರಂಡಿ ಹತ್ತಿರ ಕೂತು ಬಾಳೆಲೆ ದೊನ್ನೆಯಲ್ಲಿ ಹೂವಿಟ್ಟು ಊದುಬತ್ತಿ ಹಚ್ಚಿದಳು. ಡಾಕ್ಟರೂ ಗ್ಲೌಸ್ ಬಿಚ್ಚಿ ಕೈ ಮುಗಿದರು. ಯಾರದೋ ಗಸಿ, ಯಾರದೋ ತಲೆಬಿಸಿ... ನನ್ನ ಪಾಚಿಗೆ ಇಷ್ಟು ಭಾಗ್ಯ.

ದಾರಿಯಲ್ಲಿ ಅಮ್ಮ, ಹದಿನೈದಕ್ಕೇ ಆಗಲಿ ಅಂದಳು. ಆದರೆ ನನ್ನ ತೋಳು ಬಿಡಲಿಲ್ಲ, ಮನೆ ಬರುವವರೆಗೂ.

ಆಗಸ್ಟ್ 14, ಬುಧವಾರ

ಮಿಡಿತ ಹೋಗಿದೆ. ಅಜ್ಜ ಮತ್ತೆ ನೋಡಿ, ಅರ ಸುಮ್ಮನೆ ಮುಟ್ಟಿಸುತ್ತೇನೆ, ಆರು ವೈರಿಗೆ ಅಷ್ಟೇ ಸಾಕು ಅಂದರು. ಸರಿನಿ ಧೈರ್ಯ ಹೇಳಿ ಹೇಳಿ ಸುಸ್ತಾಗಿದ್ದಾಳೆ. ಕಬ್ಬಿಣದ ಅರ. ಬೇರು ಬರಿಮೈಯಲ್ಲಿ. ಅದೊಂದೇ ತಲೆಯಲ್ಲಿ ಸುತ್ತುತ್ತಿದೆ. ವೆನಿಂಗ್ ಅನ್ನವನ್ನ ಬರೀ ಕಲಸುತ್ತಿದ್ದಳು.

ಆಗಸ್ಟ್ 15, ಗುರುವಾರ. ಬೆಳಗಿನ ಜಾವ

ಸ್ನಾನ ಆಯಿತು. ಬಾವಿ ಕಟ್ಟೆಯಲ್ಲಿ ವೆನಿಂಗ್ ಒಬ್ಬಳೇ ಕೂತಿದ್ದಳು, ಹಳದಿ ರವಿಕೆ, ತಲೆ ತುಂಬ ಹೂವು. ಏನೂ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ, ನಿಮ್ಮದು ನಂದಕ್ಕಿಂತ ಕೆಟ್ಟ ಹಲ್ಲು, ನೀವೇ ಹೇಳಿ ಅಂದಳು.

ಬಿಂದಿಗೆ ಎತ್ತಿ ಬಾವಿಯ ತಣ್ಣೀರು ಬಾಯಿ ತುಂಬ ತಗೊಂಡೆ. ಎಷ್ಟೋ ವರ್ಷದ ಮೇಲೆ.

"ನೋವಾಯ್ತಾ ಅಪ್ಪ?"

"ಆಯ್ತು. ಒಂದು ಚೂರು. ಹೋಯ್ತು. ಭಯ ಮಾತ್ರ ಹೋಗಿಲ್ಲ ಕಣೇ."

ಅವಳು ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ನಾನು ಮೊದ್ಲು ಮಲಗ್ತೀನಿ. ನೀವು ನೋಡ್ಕೊಂಡು ಬನ್ನಿ."

ಅಜ್ಜಿ ಬಿಡಲ್ಲ ಅಂದೆ. ಎದ್ದು ಹೋದಳು.

ಇಲ್ಲಿ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಕೈ ಸುಮ್ಮನಿರಲಿ ಅಂತ. ಗಂಟೆ ಶುರುವಾಯಿತು. ವೆನಿಂಗ್ ಮಂಟಪದ ಮೆಟ್ಟಿಲು ಹತ್ತುತ್ತಿದ್ದಾಳೆ. ಅಮ್ಮ ಮೇಲೇ ನಿಂತಿದ್ದಾಳೆ. ತಡೆಯುತ್ತಾಳೆ ಅಂದುಕೊಂಡೆ — ಇಲ್ಲ, ದಿಂಬು ಸರಿ ಮಾಡಿ ನನ್ನ ಕಡೆ ನೋಡುತ್ತಿದ್ದಾಳೆ. ಪಕ್ಕದ ಚಾಪೆ ಖಾಲಿ ಇದೆ, ನನ್ನದು. ಪೆನ್ನು ಇಡುತ್ತೇನೆ, ನಾನು ಎದ್ದು —