ನನಗೆ ಎಷ್ಟು ವಯಸ್ಸಮ್ಮ?

ಭಾನುವಾರ, ಹನ್ನೊಂದನೇ ತಾರೀಕು

ಬೇಕಾದ ಮಾತು ಮಾತ್ರ ಕಿವಿಗೆ ಬೀಳುವ ನನ್ನ ಅಮ್ಮನಿಗೆ,

ಫೋನಿನಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ನೀನು ಲೈನ್ ಸರಿಯಿಲ್ಲ ಎಂದು ಫೋನನ್ನು ಅಣ್ಣನ ಕೈಗೆ ದಾಟಿಸಿದೆ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಕೂತು ಓದು. ನನಗೆ ನಿಜವಾಗಿ ಎಷ್ಟು ವಯಸ್ಸು?

ನಗಬೇಡ. ಹೋದ ವಾರ ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಇದೆ ಎಂದರು. ಚಿಕ್ಕ ಹುಡುಗಿಯಂತಿರುವ ಡಾಕ್ಟರು, ನನ್ನನ್ನು ಅಕ್ಕಾ ಎಂದೇ ಕರೆಯುತ್ತಾರೆ. ಗಿರಣಿಯ ಗುರುತಿನ ಚೀಟಿ ನೋಡಿ ನಲವತ್ತೆರಡು ಎಂದು ಬರೆದುಕೊಂಡು, "ಗಾಬರಿ ಆಗ್ಬೇಡಿ ಅಕ್ಕಾ, ಸದ್ಯ ನಲವತ್ತು ದಾಟಿದ ಮೇಲೆ ಬಂದಿದೆ" ಅಂದರು. ಅದರಲ್ಲೇನು ಸಮಾಧಾನ ಎಂದು ಕೇಳಿದೆ. ಚಿಕ್ಕ ವಯಸ್ಸಿಗೆ ಬಂದಷ್ಟೂ ಈ ಕಾಯಿಲೆ ಹೆಚ್ಚು ಕಾಡುತ್ತದಂತೆ. ಕಣ್ಣು, ಮೂತ್ರಪಿಂಡ, ಹೃದಯ ಎಲ್ಲವೂ ಅಷ್ಟು ವರ್ಷ ಹೆಚ್ಚಿಗೆ ಏಟು ತಿನ್ನಬೇಕಂತೆ. ಮೂವತ್ತರ ಆಸುಪಾಸಿನಲ್ಲಿ ಬಂದವರನ್ನು ಮೊದಲ ದಿನದಿಂದಲೇ ಬಹಳ ಬಿಗಿಯಾಗಿ ನೋಡಿಕೊಳ್ಳುತ್ತಾರಂತೆ. ತಲೆಯಾಡಿಸಿ, ಮಾತ್ರೆಯ ಚೀಟಿ ಹಿಡಿದು ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಹೊಳೆಯಿತು, ಆ ನಲವತ್ತೆರಡು ನನ್ನದಲ್ಲ, ನೀನು ಬರೆಸಿದ್ದು.

ಅಪ್ಪ ಹಾಸಿಗೆ ಹಿಡಿದ ವರ್ಷ, ನಿನ್ನ ಎತ್ತರದ ಹಿಮ್ಮಡಿಯ ಚಪ್ಪಲಿ ನನಗೆ ಹಾಕಿಸಿ ಬಟ್ಟೆ ಗಿರಣಿಗೆ ಕರೆದುಕೊಂಡು ಹೋದೆಯಲ್ಲ? ಗುಮಾಸ್ತರು ಬಾಯಿ ತೆರೆಯುವ ಮೊದಲೇ ನೀನು "ಹದಿನೆಂಟು ತುಂಬಿದೆ ಸ್ವಾಮಿ, ನೋಡೋಕೆ ಸಣಕಲು ಅಷ್ಟೆ" ಎಂದೆ. ಆಗ ನನಗೆ ಹದಿಮೂರು ಎನ್ನುತ್ತಾನೆ ಅಣ್ಣ. ಚಿಕ್ಕಮ್ಮ ಹದಿನೈದು ಎನ್ನುತ್ತಾಳೆ. ನೀನು ಒಮ್ಮೆ ಸೇತುವೆ ಮುರಿದ ವರ್ಷ ಹುಟ್ಟಿದೆ ಎಂದಿದ್ದೆ, ಇನ್ನೊಮ್ಮೆ ಅಪ್ಪ ಸೈಕಲ್ ಕೊಂಡ ವರ್ಷ ಎಂದೆ. ಅದೇ ಸೈಕಲ್ಲಿನಲ್ಲಿ ಅಪ್ಪ ಎರಡು ವರ್ಷ ಆ ಸೇತುವೆ ದಾಟಿದ್ದಾರೆ ಎಂದು ಅಣ್ಣ ಆಣೆ ಮಾಡುತ್ತಾನೆ. ನಾನು ಯಾರನ್ನು ನಂಬಲಿ?

ಬೈಯುತ್ತಿಲ್ಲ ಅಮ್ಮ. ನಾನು ಗಿರಣಿಗೆ ಹೋಗದಿದ್ದರೆ ಆ ವರ್ಷ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಇವರಿಗೆ ಹೇಳಿದರೆ, "ವಯಸ್ಸು ಕಡಿಮೆ ಆಯ್ತು ಅಂತ ಅಳೋ ಹೆಂಗಸು ಊರಿಗೆಲ್ಲ ನೀನೊಬ್ಳೇ" ಎಂದು ನಕ್ಕರು. ನನಗೂ ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ನನಗೆ ಭಯ ಇರುವುದು ಕಣ್ಣಿನದು. ಗಿರಣಿಯಲ್ಲಿ ನನ್ನನ್ನು ಹದ್ದುಗಣ್ಣು ಎಂದು ಕರೆಯುವುದು ನಿನಗೆ ಗೊತ್ತು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಬಟ್ಟೆ ಓಡುತ್ತದೆ, ಎಳೆ ತಪ್ಪಿದಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಹೋದ ತಿಂಗಳು ಒಂದು ಮೊಳ ಉದ್ದ ಎಳೆ ಬಿಟ್ಟ ಬಟ್ಟೆ ನನ್ನ ಮೇಜು ದಾಟಿ ಹೋಗಿಬಿಟ್ಟಿತು. ಬಲ್ಬು ಮಂಕಾಗಿದೆ ಎಂದೆ. ಬಲ್ಬು ಬದಲಾಯಿಸಿದರು. ಮೊನ್ನೆ ಮತ್ತೆ ಹಾಗೇ ಆಯಿತು.

ಡಾಕ್ಟರಿಗೆ ನಿಜ ಹೇಳಿದರೆ ಅದು ಗಿರಣಿಗೆ ತಿಳಿದು, ಇಪ್ಪತ್ತನಾಲ್ಕು ವರ್ಷ ಸುಳ್ಳು ಹೇಳಿದವಳು ಎನ್ನುತ್ತಾರೋ ಏನೋ. ಹೇಳದಿದ್ದರೆ ಆ ಮಾತ್ರೆ, ಆ ಧೈರ್ಯದ ಮಾತು ಎಲ್ಲ ಬೇರೆ ಯಾವಳಿಗೋ ಸೇರಿದ್ದು ಎನ್ನಿಸುತ್ತದೆ. ಯೋಚಿಸಿದಷ್ಟೂ ತಲೆ ಕೆಡುತ್ತಿದೆ. ಮುಂದಿನ ವಾರ ಗುರುವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಅಷ್ಟರೊಳಗೆ ಸೇತುವೆ, ಸೈಕಲ್ಲು ಎಲ್ಲ ಬಿಟ್ಟು ಬರೀ ವರ್ಷ ಬರೆದು ಕಳಿಸು.

ಇಂತಿ,
ಮೂವತ್ತೇಳೋ, ಮೂವತ್ತೆಂಟೋ, ಮೂವತ್ತೊಂಬತ್ತೋ ಆದ
ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆರು ವರ್ಷದ ಹಿಂದೆ ಗಿರಣಿಗೆ ನರ್ಸುಗಳು ಬಂದು ಎಲ್ಲರ ಬೆರಳು ಚುಚ್ಚಿ ರಕ್ತ ನೋಡಿದ್ದರು. ಸಕ್ಕರೆ ಜಾಸ್ತಿ ಇದೆ, ಕೂಡಲೇ ಆಸ್ಪತ್ರೆಗೆ ಹೋಗು ಎಂದು ನನಗೆ ಚೀಟಿ ಕೊಟ್ಟರು. ಅದೇ ವಾರ ನನ್ನನ್ನು ಮೇಜಿನ ಮುಖ್ಯಸ್ಥೆ ಮಾಡುವವರಿದ್ದರು. ಕಾಯಿಲೆಯವಳು ಎಂದು ಬಿಟ್ಟುಬಿಟ್ಟಾರೆಂದು ಆ ಚೀಟಿ ಹರಿದು ಚಿಂದಿಯ ಬುಟ್ಟಿಗೆ ಹಾಕಿದೆ. ಇವರಿಗೂ ಹೇಳಿಲ್ಲ. ನೀನು ನನ್ನ ವಯಸ್ಸಿಗೆ ವರ್ಷ ಸೇರಿಸಿದೆ, ನಾನು ಕಾಯಿಲೆಯ ವಯಸ್ಸಿನಿಂದ ವರ್ಷ ಕಳೆದೆ. ಗುರುವಾರ ನನ್ನ ಸುಳ್ಳನ್ನು ನಾನೇ ಡಾಕ್ಟರಿಗೆ ಹೇಳುತ್ತೇನೆ. ನಿನ್ನದನ್ನು ನೀನು ಬರೆದು ಕಳಿಸು. ದೊಡ್ಡ ಅಕ್ಷರದಲ್ಲಿ ಬರೆ ಅಮ್ಮ, ಸಣ್ಣ ಅಕ್ಷರ ನನಗೆ ಕಾಣಿಸುತ್ತಿಲ್ಲ.