ನಗು ಮುಗಿದ ಮೇಲೆ

ಅಪ್ಪಾ,

ನೀವು ಹೋಗಿ ಮೂರು ವರ್ಷವಾಯಿತು. ಈ ಕಾಗದ ನಿಮಗೆ ತಲುಪುವುದಿಲ್ಲ, ಆದರೂ ಹೇಳಬೇಕು. ಕೊನೆಗೂ ಫುಲ್ ಫ್ರೇಮ್ ಕ್ಯಾಮೆರಾ ಕೊಂಡೆ. ಮಬ್ಬು ಬೆಳಕಿನಲ್ಲೂ ಫ್ಲ್ಯಾಷ್ ಬೇಡ.

ಕಣ್ಣಿನ ಆಪರೇಷನ್ ಆದಮೇಲೆ ಅಮ್ಮನ ಕೋಣೆಯ ಪರದೆ ಸರಿಸುವಂತಿಲ್ಲ. ಇವತ್ತು ಮಧ್ಯಾಹ್ನ ಅಲ್ಲೇ ಕೂತು, ಕಪ್ಪು ಕನ್ನಡಕದಲ್ಲಿ ಅವಳು ಥೇಟ್ ಪತ್ತೇದಾರಿಣಿ ಎಂದೆ. ಅವಳು ಮೈಕುಲುಕಿಸಿ ನಕ್ಕಳು. ಆಗಲೇ ಕ್ಯಾಮೆರಾದ ಗುಂಡಿ ಒತ್ತಿದೆ. ಫೋಟೋ ಒಂದಿಷ್ಟೂ ಅಲುಗಲಿಲ್ಲ.

"ನಗ್ತಿರೋವಾಗ್ಲೇ ಹಿಡಿದೆ ನೋಡಮ್ಮ. ಅಪ್ಪ ಯಾವಾಗ್ಲೂ ನಗು ಮುಗಿದ ಮೇಲೆ ಒತ್ತೋರು."

"ಬೇಕಂತಲೇ ಕಣೆ," ಎಂದಳು ಅಮ್ಮ. "ನಗೋವಾಗ ಜನ ಅಲ್ಲಾಡ್ತಾರೆ. ಕಡಿಮೆ ಬೆಳಕಲ್ಲಿ ಆ ಹಳೇ ಡಬ್ಬಾಗೆ ಅದನ್ನ ಹಿಡಿಯೋಕಾಗ್ತಿರಲಿಲ್ಲ. ನಕ್ಕು ಸುಸ್ತಾಗಿ ಒಂದು ಗಳಿಗೆ ಸುಮ್ಮನಾಗ್ತಾರಲ್ಲ, ಅದಕ್ಕೆ ಕಾಯೋರು. ನೀನೇನು ಅವರನ್ನ ನಿಧಾನಸ್ಥ ಅಂದ್ಕೊಂಡಿದ್ಯಾ?"

ಅಂದುಕೊಂಡಿದ್ದೆ. ನನ್ನ ಮದುವೆಗೆ ದೊಡ್ಡ ಲೈಟುಗಳ ಬೇರೆ ಫೋಟೋಗ್ರಾಫರ್‌ನನ್ನು ಕರೆಸಿದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಕೂತಿದ್ದ ನೀವು, ಅವನಿಗೆ ಅಡ್ಡವಾಗಬಾರದೆಂದು ಎರಡು ಸಲ ಕುರ್ಚಿ ಸರಿಸಿಕೊಂಡಿರಿ.

ಆಮೇಲೆ ನಿಮ್ಮ ಸ್ಟುಡಿಯೋದ ಹಳೆಯ ಆಲ್ಬಮ್‌ಗಳನ್ನೆಲ್ಲ ಇಳಿಸಿಕೊಂಡು ನೋಡಿದೆ. ಎಷ್ಟೊಂದು ಮುಖಗಳು! ಒಂದೂ ಅಲುಗಿಲ್ಲ. ಈ ಕ್ಯಾಮೆರಾ ಮಾಡುವ ಕೆಲಸವನ್ನು ನೀವು ಒಂದು ಜೋಕು ಹೇಳಿ, ಉಸಿರು ಬಿಗಿಹಿಡಿದು ಮಾಡಿದ್ದೀರಿ. ನಗು ಮುಗಿದಾಗ ಜನ ಕ್ಯಾಮೆರಾವನ್ನು ಮರೆತು ನಗಿಸಿದವರನ್ನು ನೋಡುತ್ತಾರೆ ಎನ್ನುವುದು ಇವತ್ತೇ ನನಗೆ ಕಂಡದ್ದು.

ಒಂದರಲ್ಲಿ ನಾನಿದ್ದೇನೆ, ಆರು ವರ್ಷದವಳು. ನಿಮ್ಮನ್ನೇ ನೋಡುತ್ತಿದ್ದೇನೆ.